ಎಡಗಡೆಯ ಬಿಳಿ ನೆರಳು

೩ ಅಕ್ಟೋಬರ್ ೧೯೫೬, ಬುಧವಾರ
ಗುಂಡ್ಲುಪೇಟೆ

ಇವತ್ತೂ ಕೆಲಸದ ಆರ್ಡರ್ ಬರಲಿಲ್ಲ. ಬೆಂಗಳೂರಿನಲ್ಲಿ ನನ್ನ ಸಂದರ್ಶನ ಮಾಡಿದ ಐವರು ಗಂಡಸರೂ ಇನ್ನೂ ಬದುಕಿದ್ದಾರೋ ಇಲ್ಲವೋ ಎಂದು ಅನುಮಾನ. ಮುಂದಿನ ತಿಂಗಳು ಹೊಸ ರಾಜ್ಯ ಆಗುತ್ತದಲ್ಲ, ಅದಕ್ಕೆ ಕಡತಗಳೆಲ್ಲ ಗಂಟು ಕಟ್ಟಿಸಿಕೊಂಡು ಕೂತಿವೆಯಂತೆ. ಹಾಗೆಂದು ಅಪ್ಪ ಹೇಳಿದರು. ಮಂಡಿಯಲ್ಲಿ ರಾಗಿ ತೂಗಿಸುತ್ತ ಕೂತಲ್ಲೇ ಅವರಿಗೆ ಸರ್ಕಾರದ ಸುದ್ದಿಯೆಲ್ಲ ತಲುಪುತ್ತದೆ.

ಮದರಾಸಿನಲ್ಲಿ ವೈದ್ಯಕೀಯ ಓದಿ, ಎಡಿನ್‌ಬರೋದಲ್ಲಿ ಮೂರು ವರ್ಷ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತು ಬಂದವಳು ನಾನು. ಈ ಸೀಮೆಯಲ್ಲಿ ಈ ಕೆಲಸ ಕಲಿತ ಗಂಡಸರೇ ಇಲ್ಲ, ಹೆಂಗಸರ ಮಾತು ದೂರ. ಸಂದರ್ಶನದಲ್ಲಿ ಒಬ್ಬ ಮಹಾಶಯರು, "ತಲೆಬುರುಡೆ ಕೊರೆಯೋಕೆ ತೋಳಲ್ಲಿ ಬಲ ಬೇಕಲ್ಲಮ್ಮ" ಎಂದರು. "ನಮ್ಮ ತಾತ ಪೈಲ್ವಾನರು ಸಾರ್, ತಾವು ಬೇಕಾದರೆ ಕೈ ಕುಲುಕಿ ನೋಡಿ" ಎಂದೆ. ಉಳಿದ ನಾಲ್ವರು ನಕ್ಕರು. ಆ ನಗುವೇ ಆರ್ಡರನ್ನು ತಡೆದು ಹಿಡಿದಿದ್ದರೂ ಹಿಡಿದಿರಬಹುದು. ಹಿಡಿದಿರಲಿ. ಅವರಿಗೆ ನಾನು ಬೇಕೇ ಬೇಕು. ಅದು ಅವರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ.

ಅವ್ವನದು ಬೇರೆ ರಗಳೆ. ನಾನು ಬಂದ ದಿನದಿಂದ ಅವಳ ಕಣ್ಣು ನನ್ನ ಮುಖಕ್ಕಿಂತ ಹೆಚ್ಚಾಗಿ ಕೊರಳ ಮೇಲೇ ಇದೆ.

"ಬರೀ ಕೊಳ್ಳಲ್ಲಿ ಓಡಾಡ್ತಿದ್ದೀಯಲ್ಲವ್ವ, ಲಿಂಗವ ಎಲ್ಲಿ ಮಡಗಿದ್ದೀ?"

"ಟ್ರಂಕಲ್ಲಿದೆ."

"ದೀಕ್ಷೆ ಕೊಟ್ಟಿದ್ದು ನಿಂಗಾ, ಟ್ರಂಕ್ಗಾ?"

ನಗು ತಡೆಯಲಾಗಲಿಲ್ಲ. ಆಪರೇಷನ್ ಮಾಡುವವರ ಕೊರಳಲ್ಲಿ ಏನೂ ನೇತಾಡಬಾರದು ಎಂದು ಎಡಿನ್‌ಬರೋದಲ್ಲಿ ಮೊದಲ ದಿನ ಬಿಚ್ಚಿಟ್ಟೆ, ಆಮೇಲೆ ಕಟ್ಟಿಕೊಳ್ಳಲಿಲ್ಲ. ಅದರ ಹಿಂದೆ ಇನ್ನೇನೂ ತತ್ತ್ವ ಇಲ್ಲ. ಆದರೆ ಅವ್ವನಿಗೆ ಇದನ್ನು ಹೇಳಿದರೆ ಸಾಕಾಗುವುದಿಲ್ಲ.

೬ ಅಕ್ಟೋಬರ್, ಶನಿವಾರ
ಚಾಮರಾಜನಗರ

ಡಾ. ನೀಲಕಂಠಸ್ವಾಮಿಯವರು ಹೇಳಿಕಳಿಸಿದ್ದರು. ಅವರದು ಇಲ್ಲಿ ಒಂದು ಚಿಕ್ಕ ನರ್ಸಿಂಗ್ ಹೋಂ: ಹತ್ತು ಮಂಚ, ಒಂದು ಆಪರೇಷನ್ ಕೋಣೆ, ಒಂದು ಹಳೆಯ ಎಕ್ಸ್‌ರೇ ಯಂತ್ರ. ಒಳ್ಳೆಯ ಹಿರಿಯ ವೈದ್ಯರು. ಯಾವ ತೀರ್ಮಾನಕ್ಕೂ ಮುಂಚೆ ಎರಡು ಸಲ ಕೆಮ್ಮುತ್ತಾರೆ. "ಒಂದು ಕೇಸಿದೆಯಮ್ಮ, ನನಗೆ ಬಗೆಹರೀತಿಲ್ಲ" ಎಂದಿದ್ದರು. ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತು ಬಂದೆ.

ಕೇಸು ಏನೆಂದರೆ: ಉಡಿಗಾಲದ ಶಾಂತಮಲ್ಲಮ್ಮ, ನಲವತ್ತರ ಹೆಂಗಸು. ಗಂಡ ಚಿಕ್ಕಮಲ್ಲಪ್ಪ, ಜಮೀನಿರುವ ಗಟ್ಟಿ ಕುಳ. ಒಂದು ತಿಂಗಳಿಂದ ತಲೆನೋವು, ವಾಂತಿ. ಎಡಗೈಯಲ್ಲಿ ಹಿಡಿದದ್ದು ಜಾರುತ್ತದೆ, ಎಡಗಾಲು ತೊಡರುತ್ತದೆ. ಮಾತಾಡುತ್ತಲೇ ತೂಕಡಿಸುತ್ತಾಳೆ. ಎಚ್ಚರವಿದ್ದಷ್ಟು ಹೊತ್ತು ಮಾತ್ರ ಬಾಯಿಗೆ ಬಿಡುವಿಲ್ಲ.

"ನೀನಾ ತಲ ಕುಯ್ಯೋ ಡಾಕ್ಟ್ರು? ನಾನ್ಯಾರೋ ಇಸ್ಕೂಲ್ ಮೇಡಮ್ಮು ಅನ್ಕಂಡಿದ್ದಿ."

"ಯಾವಾಗ ಶುರುವಾಯ್ತು ತಲೆನೋವು?"

"ಅದ ಯೋಳ್ಬೇಕು ಅಂದ್ರ, ಶ್ರಾವಣದಲ್ಲಿ ನಾವು ಗುಂಡ್ಲುಪೇಟ ಸಂತಗ ಹೋಗಿದ್ವಾ, ಅಲ್ಲಿ ನನ್ನ ನಾದಿನಿ..."

"ಸಂತೆಯ ಕತೆ ಬೇಡ. ಕೇಳಿದಷ್ಟಕ್ಕೆ ಹೇಳಿ. ಎಷ್ಟು ದಿನ ಆಯ್ತು?"

ಕಣ್ಣೊಳಗೆ ದೀಪ ಬಿಟ್ಟು ನೋಡಿದೆ. ಎರಡೂ ಕಣ್ಣಿನ ನರಗಳು ಊದಿಕೊಂಡಿವೆ. ತಲೆಯೊಳಗೆ ಏನೋ ಜಾಗ ಆಕ್ರಮಿಸಿಕೊಂಡು ಕೂತಿದೆ, ಅದರಲ್ಲಿ ಸಂಶಯವೇ ಇಲ್ಲ. ಬಿಟ್ಟರೆ ದೀಪಾವಳಿ ಕಾಣುವುದಿಲ್ಲ ಈ ಹೆಂಗಸು. ರೋಗಿಗಳು ಕತೆ ಹೇಳುತ್ತಾರೆ. ನರಗಳು ಹೇಳುವುದಿಲ್ಲ, ತೋರಿಸುತ್ತವೆ. ನನ್ನ ಗುರುಗಳು ಇದನ್ನು ಎಷ್ಟು ಸಲ ಹೇಳಿಲ್ಲ!

ಸೋಮವಾರ ಎಕ್ಸ್‌ರೇ.

೮ ಅಕ್ಟೋಬರ್, ಸೋಮವಾರ
ಚಾಮರಾಜನಗರ

ಸಿಕ್ಕಿತು.

ಪ್ಲೇಟನ್ನು ಕಿಟಕಿಗೆ ಹಿಡಿದ ಕೂಡಲೇ ಕಂಡಿತು. ಎಡಗಡೆ, ಕೆಳಗೆ, ನೆಲ್ಲಿಕಾಯಿ ಗಾತ್ರದ ದುಂಡನೆಯ ಬಿಳಿ ನೆರಳು. ಸುಣ್ಣಗಟ್ಟಿದ ಗೆಡ್ಡೆ. ತಲೆಯ ಹಿಂಭಾಗದಲ್ಲಿರುವ ಚಿಕ್ಕ ಮಿದುಳು ತನ್ನ ಬದಿಯ ಕೈಕಾಲನ್ನೇ ನೋಡಿಕೊಳ್ಳುತ್ತದೆ. ಎಡಗಡೆ ಗೆಡ್ಡೆ, ಎಡಗೈ ಎಡಗಾಲು ತೊಡರು. ಬೀಗಕ್ಕೆ ಬೀಗದಕೈ ಕೂತ ಹಾಗೆ ಕೂತುಬಿಟ್ಟಿತು. ಇಂಥ ಚೆಂದದ ಪ್ಲೇಟನ್ನು ಎಡಿನ್‌ಬರೋದಲ್ಲೂ ಅಪರೂಪಕ್ಕೆ ನೋಡಿದ್ದೆ.

ಪಕ್ಕದಿಂದ ತೆಗೆದ ಎರಡನೆಯ ಪ್ಲೇಟು ಕೆಟ್ಟುಹೋಯಿತು. ತೆಗೆಯುವಾಗಲೇ ವಾಂತಿ ಬಂದು ಹೆಂಗಸು ಅಲುಗಾಡಿಬಿಟ್ಟಳಂತೆ. ಎಕ್ಸ್‌ರೇ ಕೋಣೆಯನ್ನು ನೋಡಿಕೊಳ್ಳುವುದು ಕಾಂಪೌಂಡರು. ನಾನು ಒಳಗೆ ಹೋಗಿರಲಿಲ್ಲ. "ಮೈಮ್ಯಾಲ ಬೆಳ್ಳಿಬಂಗಾರ ಏನೂ ಇರಬಾರ್ದು, ಕೊಳ್ಳಲ್ಲಿರದೆಲ್ಲ ತಗೀರಿ" ಎಂದು ಅವನು ಕೂಗುತ್ತಿದ್ದದ್ದು ಹೊರಗೆ ಕೇಳುತ್ತಿತ್ತು.

ನೀಲಕಂಠಸ್ವಾಮಿಯವರು ಎರಡು ಸಲ ಕೆಮ್ಮಿದರು. "ಇನ್ನೊಂದು ತೆಗೆಯೋಣಮ್ಮ. ಪ್ಲೇಟು ಮುಗಿದಿದೆ, ಮೈಸೂರಿಂದ ತರಿಸ್ತೀನಿ, ನಾಲ್ಕು ದಿನ ಆಗುತ್ತೆ. ಇಲ್ಲವೇ ಮದರಾಸಿಗೇ ಕಳಿಸಿಬಿಡೋಣ."

"ಮದರಾಸಿನ ರೈಲಲ್ಲೇ ಆಕೆ ಮುಗಿದುಹೋಗ್ತಾರೆ ಸಾರ್. ನನಗೆ ಇದೊಂದೇ ಪ್ಲೇಟು ಸಾಕು."

ಸಾಕು ಎಂದರೆ ಸಾಕು. ಆಯುಧಪೂಜೆ, ವಿಜಯದಶಮಿ ಮುಗಿದ ಮೇಲೆ ೧೬ನೇ ತಾರೀಕು ಆಪರೇಷನ್ ಎಂದು ಗೊತ್ತುಮಾಡಿದೆ. ಅಷ್ಟರಲ್ಲಿ ರಕ್ತ ಕೊಡುವವರನ್ನು ಹುಡುಕಬೇಕು. ಚಾಮರಾಜನಗರದಲ್ಲಿ ಮಿದುಳಿನ ಗೆಡ್ಡೆ ತೆಗೆದರೆ ಬೆಂಗಳೂರಿನವರು ಆರ್ಡರನ್ನು ಮನೆ ಬಾಗಿಲಿಗೆ ತಂದುಕೊಡುತ್ತಾರೆ.

೧೩ ಅಕ್ಟೋಬರ್, ಶನಿವಾರ
ಗುಂಡ್ಲುಪೇಟೆ

ಆಯುಧಪೂಜೆ. ಮಂಡಿಯ ತಕ್ಕಡಿಗಳಿಗೆ ಪೂಜೆ, ಹೊರಗೆ ನಿಂತ ಲಾರಿಗಳಿಗೆಲ್ಲ ಬಾಳೆಕಂದು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ನನ್ನ ಪೆಟ್ಟಿಗೆ ತೆಗೆದು, ಬುರುಡೆ ಕೊರೆಯುವ ಬೈರಿಗೆ, ಕತ್ತರಿ, ಚಿಮಟಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ, ಒಂದೊಂದಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟಿದ್ದಳು. ಕೂಗಾಡಿದೆ. "ಕೂಗ್ಬೇಡ, ನೀ ಎಂಗೂ ಬೇಯಿಸ್ತೀಯಲ್ಲ" ಎಂದಳು. ಹೌದು, ಆಪರೇಷನ್ನಿಗೆ ಮುಂಚೆ ಎಲ್ಲವನ್ನೂ ಬೇಯಿಸುತ್ತೇನೆ. ಆಮೇಲೆ ಒಬ್ಬಟ್ಟು ತಿಂದೆ.

೧೫ ಅಕ್ಟೋಬರ್, ಸೋಮವಾರ
ಚಾಮರಾಜನಗರ

ನಾಳೆ. ಎಲ್ಲ ಸಿದ್ಧ. ಅವ್ವನೂ ಜತೆಗೆ ಬಂದಿದ್ದಾಳೆ, ನಾನು ಹೊಟ್ಟೆಗೆ ಸರಿಯಾಗಿ ಹಾಕಿಕೊಳ್ಳುವುದಿಲ್ಲವಂತೆ. ನೀಲಕಂಠಸ್ವಾಮಿಯವರು ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾರೆ.

ಶಾಂತಮಲ್ಲಮ್ಮ ಎರಡು ದಿನದಿಂದ ಇಳಿಮುಖ. ಹೆಸರು ಕೂಗಿದರೆ ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಸಂಜೆ ತಲೆ ಬೋಳಿಸಿದರು. ಗಂಡನಿಗೆ ಅದೇ ದೊಡ್ಡ ಚಿಂತೆ ಆಗುತ್ತದೆಂದು ನನ್ನ ಎಣಿಕೆಯಾಗಿತ್ತು. ಮುತ್ತೈದೆಯ ತಲೆ ಬೋಳಿಸುವುದೆಂದರೆ ಸಾಮಾನ್ಯವೇ? ಚಿಕ್ಕಮಲ್ಲಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದವನು, "ಮಾದಪ್ಪಂಗ ಮುಡಿ ಕೊಟ್ಟಂಗಾಯ್ತು ಬುಡಿ" ಎಂದು ಕೂದಲನ್ನೆಲ್ಲ ತನ್ನ ಟವಲಿನಲ್ಲಿ ಗಂಟು ಕಟ್ಟಿಕೊಂಡ.

"ಡಾಕ್ಟ್ರವ್ವ, ಉಳ್ಕತಳಾ?"

"ಉಳ್ಕೋತಾರೆ."

"ಖಂಡಿತವಾ?"

"ಎಲ್ಲಿದೆ ಅಂತ ಕಣ್ಣಾರೆ ಕಂಡಿದ್ದೀನಿ, ಚಿಕ್ಕಮಲ್ಲಪ್ಪನವರೇ. ಹೋಗಿ ಊಟ ಮಾಡಿ."

ಅವನು ಕೈಮುಗಿದ. ನನ್ನ ಮಾತಿನಲ್ಲಿ ಒಂದು ಎಳೆ ಅನುಮಾನವೂ ಇರಲಿಲ್ಲ. ಹಾಗೆಯೇ ಇರಬೇಕು ಶಸ್ತ್ರವೈದ್ಯರ ಮಾತು.

೧೬ ಅಕ್ಟೋಬರ್, ಮಂಗಳವಾರ
ಬೆಳಿಗ್ಗೆ

ಆಪರೇಷನ್ ನಿಲ್ಲಿಸಿದ್ದೇನೆ. ಗೆಡ್ಡೆ ಇಲ್ಲ. ಮತ್ತೆ ಬರೆಯುತ್ತೇನೆ, ಈಗ ಪುರುಸೊತ್ತಿಲ್ಲ.

ಅದೇ ದಿನ, ಸಂಜೆ

ಮೊದಲಿಂದ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಬೆಳಿಗ್ಗೆ ಕಾಫಿ ಕುಡಿದು ಆಪರೇಷನ್ ಕೋಣೆಗೆ ಹೊರಟಿದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ನನ್ನ ಲಿಂಗ. ಟ್ರಂಕಿನ ತಳ ಬಗೆದು ತಂದಿದ್ದಾಳೆ!

"ಇವತ್ತೊಂದ್ ದಿನ ಕಟ್ಕವ್ವ. ಒಂದ್ ಜೀವ ಕೈಲಿ ಹಿಡೀತಿದ್ದೀ."

"ಅವ್ವ, ಬಗ್ಗಿ ಕೆಲಸ ಮಾಡುವಾಗ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ತೂಗಾಡಿದರೆ ಆಗಲ್ಲ. ಸಾವಿರ ಸಲ ಹೇಳಿದ್ದೀನಿ."

"ಕರಡಿಗೆ ಯಾಕ? ಕರಡಿಗೆ ಬುಟ್ಬುಡು. ಲಿಂಗವ ವಸ್ತ್ರದಲ್ಲಿ ಸುತ್ತಿ ತುರುಬ್ನೊಳಗ ಸಿಕ್ಕುಸ್ಕ, ಅದ್ರ ಮ್ಯಾಲ ನಿನ್ನ ಟೋಪಿ ಹಾಕ್ಕ. ಕೊಳ್ಳಲ್ಲಿ ಇರಬಾರ್ದು ಅಂದ್ರ ನಾವೆಲ್ಲ ಅಂಗೇ ಅಲ್ವಾ ಮಾಡದು? ನಿನ್ನ ಹೆರುವಾಗ್ಲೂ ನನ್ನ ತುರುಬಲ್ಲೇ ಇತ್ತು ಕಣ. ನಿಮ್ಮ ತಾತ ಕುಸ್ತಿಗ ಇಳಿಯುವಾಗ ರುಮಾಲಲ್ಲಿ ಕಟ್ಕತಿದ್ರು. ಮೈಯಿಂದ ಯಾರಾದ್ರೂ ತಗೆದಾರಾ?"

ನಗಬೇಕೆಂದು ಬಾಯಿ ತೆರೆದೆ. ನಗು ಬರಲಿಲ್ಲ. ಅವಳ ಅಂಗೈಯಲ್ಲಿದ್ದದ್ದನ್ನೇ ನೋಡುತ್ತ ನಿಂತೆ. ಕಪ್ಪಗೆ, ದುಂಡಗೆ, ನೆಲ್ಲಿಕಾಯಿ ಗಾತ್ರ.

ಓಡಿದೆ. ಮೂವತ್ತಮೂರು ವರ್ಷದ ನಾನು, ಹಸಿರು ಗೌನಿನಲ್ಲಿ, ಬರಿಗಾಲಲ್ಲಿ, ನರ್ಸಿಂಗ್ ಹೋಮಿನ ಅಂಗಳದಲ್ಲಿ ಓಡಿದೆ. ಚಿಕ್ಕಮಲ್ಲಪ್ಪ ಜಗಲಿಯಲ್ಲಿ ಕೂತಿದ್ದ.

"ಆವತ್ತು ತಲೆಯ ಫೋಟೋ ತೆಗೆದಾಗ, ಲಿಂಗ ಎಲ್ಲಿ ಇಟ್ಟುಕೊಂಡಿದ್ದರು?"

ಅವನಿಗೆ ಗಾಬರಿ. "ತಪ್ಪಾಯ್ತಾ ಡಾಕ್ಟ್ರವ್ವ? ಬೆಳ್ಳಿ ಇರಬಾರ್ದು ಅಂದ್ರು. ವಾಲೆ ಬಿಚ್ಚಿ ಕೊಟ್ಳು, ಕರಡಿಗೆ ಕೊಟ್ಳು, ತಾಳಿನೂ ಬಿಚ್ಚಿ ನನ್ನ ಕೈಗೇ ಕೊಟ್ಳು. ಲಿಂಗವ ಎಂಗ ಕೊಟ್ಟಾಳು? ತುರುಬಲ್ಲಿ ಮಡಿಕ್ಕಂಡ್ಳು."

"ತುರುಬಿನ ಯಾವ ಕಡೆ?"

ಅವನು ಯೋಚಿಸಲೇ ಇಲ್ಲ. ತನ್ನ ತಲೆಯ ಹಿಂದೆ ಕೈಯಿಟ್ಟು ತೋರಿಸಿದ. ಎಡಗಡೆ, ಕೆಳಗೆ.

ಬೇರೆ ಊರಿನ, ಬೇರೆ ಜಾತಿಯ ವೈದ್ಯನಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾನು ಪುಟ್ಟಬಸಮ್ಮನ ಮಗಳು! ಅವ್ವ ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವುದನ್ನು ನೋಡಿಯೇ ಬೆಳೆದವಳು. ತುರುಬಿನೊಳಗಿದ್ದ ಲಿಂಗದ ಕಲ್ಲು ಪ್ಲೇಟಿನಲ್ಲಿ ಬಿಳಿ ನೆರಳಾಗಿ ಬಿದ್ದಿತ್ತು. ಆ ನೆರಳನ್ನು ನಾನು ಸುಣ್ಣಗಟ್ಟಿದ ಗೆಡ್ಡೆ ಎಂದು ಓದಿದೆ.

ಆದರೆ ಆಗ ಅಳುತ್ತ ಕೂರುವ ಹೊತ್ತಲ್ಲ. ಗೆಡ್ಡೆ ಸುಳ್ಳಾದರೂ ಕಣ್ಣಿನ ನರ ಊದಿದ್ದು ಸುಳ್ಳಲ್ಲ. ಒಳಗೆ ಏನೋ ಒತ್ತುತ್ತಿದೆ, ಹೆಂಗಸು ಮುಳುಗುತ್ತಿದ್ದಾಳೆ. ಹಾಗಾದರೆ ಎಲ್ಲಿ? ಚಿಕ್ಕ ಮಿದುಳು ತನ್ನ ಬದಿಯನ್ನು ನೋಡಿಕೊಂಡರೆ, ದೊಡ್ಡ ಮಿದುಳು ಎದುರು ಬದಿಯನ್ನು ನೋಡಿಕೊಳ್ಳುತ್ತದೆ. ಎಡಗೈ ಸೋತಿದ್ದರೆ ಕಾರಣ ಬಲಗಡೆಯೂ ಇರಬಹುದು. ನಾನು ಅವನ ಪಕ್ಕ ಜಗಲಿಯ ಮೇಲೆ ಕೂತೆ.

"ಶ್ರಾವಣದಲ್ಲಿ ಗುಂಡ್ಲುಪೇಟೆ ಸಂತೆಯಲ್ಲಿ ಏನಾಯ್ತು?"

"ಅದಾ? ಲಾರಿಯಿಂದ ಈರುಳ್ಳಿ ಮೂಟೆ ಜಾರಿ ಇವಳ ತಲಗ ಬಿತ್ತು. ರಕ್ತಗಿಕ್ತ ಏನೂ ಬರನಿಲ್ಲ. ಎದ್ದು ಮೂಟೆಯೋರನ್ನೇ ಬೈದ್ಳು. ಎರಡು ವಾರ ಚಂದಾಗೇ ಇದ್ಳು."

"ಯಾವ ಕಡೆ ಬಿತ್ತು?"

"ಇಲ್ಲಿ." ಬಲಗಡೆ ಕಿವಿಯ ಮೇಲೆ.

ಆಮೇಲೆಲ್ಲ ನನ್ನ ಕೆಲಸ, ಅದು ನನಗೆ ಗೊತ್ತು. ಪೆಟ್ಟು ಬಿದ್ದ ಮೇಲೆ ಮಿದುಳಿನ ಹೊದಿಕೆಯ ಕೆಳಗೆ ಹನಿಹನಿಯಾಗಿ ರಕ್ತ ಸೋರಿ, ವಾರಗಟ್ಟಲೆ ನಿಂತು, ಹಿಗ್ಗಿ, ಮಿದುಳನ್ನು ಒತ್ತುತ್ತದೆ. ತಲೆಯ ಹಿಂಭಾಗ ಕೊಯ್ದು ಇಲ್ಲದ ಗೆಡ್ಡೆಯನ್ನು ಹುಡುಕಿದ್ದರೆ ಆಕೆ ಮೇಜಿನ ಮೇಲೇ ಹೋಗುತ್ತಿದ್ದರು. ಉಳಿಸಲು ಬೇಕಾದದ್ದು ಬಲಗಡೆ ಎರಡು ರಂಧ್ರ.

ನೀಲಕಂಠಸ್ವಾಮಿಯವರಿಗೆ ಪ್ಲೇಟು ಮುಂದಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ತಮ್ಮ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ ನೋಡಿಕೊಂಡರು. "ನನಗೂ ಹೊಳೀಲಿಲ್ಲವಲ್ಲಮ್ಮ" ಎಂದರು. ಒಂದು ಸಲವೂ ಕೆಮ್ಮಲಿಲ್ಲ. "ನಡೆ, ಶುರು ಮಾಡು."

ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಸೂಜಿ ಹಾಕಿದೆ. ಆಕೆಯ ಲಿಂಗವನ್ನು ಬಲ ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಿ, ಬ್ಯಾಂಡೇಜು ಸುತ್ತಿಸಿದೆ. ಬೈರಿಗೆ ತಿರುಗಿಸಿದೆ. ತೋಳಲ್ಲಿ ಬಲ ಬೇಕು ಎಂದ ಮಹಾಶಯರು ಅಲ್ಲಿರಬೇಕಿತ್ತು. ಮೂಳೆ ಬಿಟ್ಟುಕೊಟ್ಟಿತು, ಹೊದಿಕೆ ನೀಲಿಯಾಗಿ ಕಂಡಿತು. ಅದನ್ನು ಚೂರು ಗೀರಿದೆ. ಕಾಫಿ ಡಿಕಾಕ್ಷನ್ನಿನಂಥ ಕಪ್ಪು ರಕ್ತ ಚಿಮ್ಮಿ ನನ್ನ ಮೊಣಕೈವರೆಗೂ ಹರಿಯಿತು. ಅಯ್ಯೋ, ಆ ಕೊಳಕು ದ್ರವವನ್ನು ನೋಡಿ ನನಗಾದ ಸಂತೋಷ! ಒಳಗೆ ಕುಗ್ಗಿ ಕೂತಿದ್ದ ಮಿದುಳು ನೋಡುನೋಡುತ್ತಿದ್ದಂತೆ ಮೇಲೆ ಬಂದು ಮಿಡಿಯತೊಡಗಿತು.

ಎರಡನೆಯ ರಂಧ್ರ ತೊಳೆಯುತ್ತಿದ್ದಾಗ ಬಟ್ಟೆಯ ಕೆಳಗಿಂದ ದನಿ ಬಂತು.

"ಯಾರವ್ವ ಅದು, ನನ್ನ ತಲ ಮ್ಯಾಲ ನೀರು ಹುಯ್ತಾ ಇರದು?"

ನೀಲಕಂಠಸ್ವಾಮಿಯವರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು ಅಳಲಿಲ್ಲ, ಹೊಲಿಗೆ ಹಾಕುವುದಿತ್ತು. ಕೈ ತೊಳೆದುಕೊಂಡ ಮೇಲೆ ಅತ್ತೆ, ಅವ್ವನ ಮಡಿಲಲ್ಲಿ ತಲೆಯಿಟ್ಟು, ಚೆನ್ನಾಗಿ ಅತ್ತೆ. ಅವಳು ನನ್ನ ಕೊರಳಿಗೆ ಏನೋ ಕಟ್ಟುತ್ತಿದ್ದಳು. ಬೇಡ ಎನ್ನುವ ತ್ರಾಣ ನನಗಿರಲಿಲ್ಲ.

೨೨ ಅಕ್ಟೋಬರ್, ಸೋಮವಾರ
ಚಾಮರಾಜನಗರ

ಶಾಂತಮಲ್ಲಮ್ಮನವರು ಎಡಗೈಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಕುಡಿದರು. ಒಂದು ಹನಿ ಚೆಲ್ಲಲಿಲ್ಲ. ನಾನು ಮಂಚದ ಮೇಲೆ ಕೂತು ಪ್ಲೇಟಿನ ವಿಷಯವನ್ನೆಲ್ಲ ಹೇಳಿದೆ. ಅವರು ಬೋಳುತಲೆ ಸವರಿಕೊಳ್ಳುತ್ತ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಿವನೇ, ನನ್ನ ಸ್ವಾಮಿಯ ಗೆಡ್ಡ ಮಾಡ್ಬುಟ್ಟಿದ್ಯಲ್ಲವ್ವ!" ಆಮೇಲೆ ನಗು ನಿಲ್ಲಿಸಿ, "ನೀ ಕೇಳಿದ್ರ ನಾ ಯೋಳ್ತಿದ್ದಿ. ಯಾರೂ ಕೇಳ್ನಿಲ್ಲ" ಎಂದರು. ಬೈಗುಳವಾಗಿ ಅಲ್ಲ, ಬೆಳಿಗ್ಗೆ ಮಳೆ ಬಂತು ಎನ್ನುವ ಹಾಗೆ ಹೇಳಿದರು.

ನೀಲಕಂಠಸ್ವಾಮಿಯವರು ಆ ಪ್ಲೇಟನ್ನು ಸುಟ್ಟುಬಿಡೋಣ ಎಂದರು. ಆರ್ಡರ್ ಬರುವ ಹೊತ್ತು, ಯಾರ ಬಾಯಿಗೂ ಬೀಳುವುದು ಬೇಡವಂತೆ. ಕೊಡಲಿಲ್ಲ. ಅದು ನನಗೆ ಬೇಕು. ನಾಳೆ ನಾನು ಪಾಠ ಹೇಳುವ ಹುಡುಗರಿಗೆ ಮೊದಲು ತೋರಿಸುವುದು ಅದನ್ನೇ.

೫ ನವೆಂಬರ್, ಸೋಮವಾರ
ಗುಂಡ್ಲುಪೇಟೆ

ಬಂತು! ಹೊಸ ರಾಜ್ಯದ ಹೊಸ ಮೊಹರು ಒತ್ತಿದ ಆರ್ಡರ್. ಸೋಮವಾರ ೧೨ರಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಹಾಜರಾಗಬೇಕು. ಹೊಸ ವಿಭಾಗ, ಆರು ಮಂಚ, ಮುಖ್ಯಸ್ಥೆ ನಾನು. ಅಪ್ಪ ಮಂಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದಾರೆ. ಕಾಗದದ ಮೂಲೆ ಆಗಲೇ ಸವೆದಿದೆ.

ಈ ಗಡಿಬಿಡಿಯಲ್ಲೇ ಮಂಡಿಯಲ್ಲಿ ಮೂಟೆ ಹೊರುವ ನಂಜಯ್ಯ ತಲೆಸುತ್ತು ಎಂದು ಬಂದಿದ್ದ. ಅವನ ಸೋದರಮಾವನ ಜಮೀನಿನ ವ್ಯಾಜ್ಯದಿಂದ ಶುರುಮಾಡಿದ. ಮುಗಿಯುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಅವನಿಗೆ ರಕ್ತಹೀನತೆ, ತಲೆಯಲ್ಲೇನೂ ಇಲ್ಲ.

ಲಿಂಗ ಕಟ್ಟಿಕೊಳ್ಳಲು ಹೊಸ ಶಿವದಾರ ತರಿಸಬೇಕು. ಇರುವುದು ದಿನಾ ಸ್ನಾನದಲ್ಲಿ ನೆನೆದು ಪಿಸಿಯುತ್ತಿದೆ.

೯ ನವೆಂಬರ್, ಶುಕ್ರವಾರ
ಚಾಮರಾಜನಗರ ಸ್ಟೇಷನ್

ಮೈಸೂರಿನ ರೈಲಿಗೆ ಒಂದು ಗಂಟೆ ಮುಂಚೆಯೇ ಬಂದು ಕೂತಿದ್ದೆ. ತಡ ಮಾಡುವುದು ನನ್ನ ಜಾಯಮಾನವಲ್ಲ. ಟ್ರಂಕು, ಆಯುಧಗಳ ಪೆಟ್ಟಿಗೆ, ಬಟ್ಟೆಯಲ್ಲಿ ಸುತ್ತಿದ ಪ್ಲೇಟು.

ಉಡಿಗಾಲದಿಂದ ಗಾಡಿ ಕಟ್ಟಿಸಿಕೊಂಡು ಗಂಡ ಹೆಂಡತಿ ಬಂದರು. ತಲೆಯ ಮೇಲೆ ಸೆರಗು, ಅದರ ಕೆಳಗೆ ಮೊಳಕೆಯಂಥ ಕೂದಲು. ಎಡಗಾಲು ಸರಿಯಾಗಿ ಊರುತ್ತಿದ್ದಾರೆ, ದೂರದಿಂದಲೇ ನೋಡಿದೆ. ಕಡಲೆಕಾಯಿ ಉಂಡೆಯ ಡಬ್ಬ ನನ್ನ ತೊಡೆಯ ಮೇಲಿಟ್ಟು ಪಕ್ಕದಲ್ಲೇ ಕೂತರು.

"ಒಂದ್ ಮಾತು ಕೇಳ್ಬೇಕಿತ್ತು ಕಣವ್ವ. ಇನ್ನೊಂದ್ ಸಲ ಆ ಫೋಟೋ ತಗೀಬೇಕು ಅಂದ್ರ ನಾ ಎಲ್ಲಿ ಮಡಿಕ್ಕಳ್ಳಿ? ತುರುಬ ನೀನೇ ಬೋಳಿಸ್ಬುಟ್ಟಿದ್ದೀಯಲ್ಲ."

"ಅಂಗೈಯಲ್ಲಿ ಹಿಡ್ಕೊಳ್ಳಿ ಅಕ್ಕ. ಯಾರಾದರೂ ಬಿಡಿ ಅಂದ್ರೆ, ಡಾಕ್ಟ್ರಮ್ಮ ಹೇಳಿದ್ದಾರೆ ಅನ್ನಿ."

"ಅಂಗೇ ಅಂತೀನಿ."

ರೈಲು ದೂರದಲ್ಲಿ ಕೂಗಿತು. ಚಿಕ್ಕಮಲ್ಲಪ್ಪನವರು ನನ್ನ ಟ್ರಂಕಿಗೆ ಕೈಹಾಕಿದರು. ಆಗ ಕೇಳಿದೆ: "ಅಕ್ಕ, ಮೊದಲ ದಿನ ನೀವು ಸಂತೆಯ ಕತೆ ಹೇಳೋಕೆ ಹೊರಟಿದ್ದಿರಿ. ನಿಮ್ಮ ನಾದಿನಿ ವಿಷಯ ಏನೋ ಅಂದಿರಿ. ನಾನು ನಿಲ್ಲಿಸಿಬಿಟ್ಟೆ."

ಅವರ ಮುಖ ಅರಳಿತು. "ಅಯ್ಯೋ, ಅದ ಕೇಳು! ಮೂಟೆ ಬಿದ್ದದ್ದು ಕೊನೇಗ. ಅದ್ಕೂ ಮುಂಚ ಏನಾಯ್ತು ಅಂದ್ರ..."

ರೈಲು ಬಂತು, ನಿಂತಿತು. ಜನ ಹತ್ತಿದರು, ಇಳಿದರು. ಕತೆಯಲ್ಲಿ ನಾದಿನಿ ಇನ್ನೂ ಬಳೆ ಅಂಗಡಿಯ ಮುಂದೆಯೇ ನಿಂತಿದ್ದಳು, ಜಗಳ ಆಗಷ್ಟೇ ಶುರುವಾಗಿತ್ತು. ಚಿಕ್ಕಮಲ್ಲಪ್ಪನವರು ಟ್ರಂಕು ಎತ್ತಿ ಹಿಡಿದು ಒಮ್ಮೆ ರೈಲನ್ನೂ ಒಮ್ಮೆ ನನ್ನನ್ನೂ ನೋಡಿದರು. ಕೆಳಗಿಡಿ ಎಂದು ಕೈಸನ್ನೆ ಮಾಡಿದೆ.

ಮುಂದಿನ ರೈಲು ಸಂಜೆಗೆ. ಹಾಜರಾಗಬೇಕಾದದ್ದು ಸೋಮವಾರ ತಾನೇ. ಶಾಂತಕ್ಕ ನೀರು ಕುಡಿಯಲು ನಲ್ಲಿಯ ಹತ್ತಿರ ಹೋಗಿದ್ದಾರೆ, ಆ ಸಂದಿನಲ್ಲಿ ಇಷ್ಟು ಬರೆದೆ. ಬಂದರು. ಕತೆ ಇನ್ನೂ ಅರ್ಧ ಇದೆ.